ಸದರಿ ಗೊರಕೆಗೆ ಸಂಬಂಧಿಸಿದಂತೆ

ವಿಷಯವಿಲ್ಲದೆ ಬರೆಯುವುದು ಅಪರಾಧವಲ್ಲ. ಹಾಗೆ ಬರೆದದ್ದನ್ನು ತೆಗೆದುಕೊಳ್ಳುವ ಕೌಂಟರ್ ಇಲ್ಲ, ಅಷ್ಟೆ. ಸಾಹಿತ್ಯ ಪ್ರೋತ್ಸಾಹ ಮಂಡಳಿಯು ತನ್ನ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟಪಡಿಸಿತ್ತು. ಇನ್ನು ಮುಂದೆ ಕವಿಗಳಾಗಲಿ ಗದ್ಯ ಲೇಖಕರಾಗಲಿ ತಮಗೆ ಅನ್ನಿಸಿದ್ದನ್ನು ಬರೆಯತಕ್ಕದ್ದಲ್ಲ. ಮಂಡಳಿಗೆ ಅನ್ನಿಸಿದ್ದನ್ನು ತಮಗೇ ಅನ್ನಿಸಿತೆಂಬಂತೆ ಬರೆಯತಕ್ಕದ್ದು. ಪ್ರತಿ ತಿಂಗಳ ವಿಷಯವನ್ನು ಮಂಡಳಿಯೇ ಪ್ರಕಟಿಸುವುದು. ಎಲ್ಲ ಪತ್ರಿಕೆಗಳೂ ಅದೇ ವಿಷಯದ ಮೇಲೆ ವಿಶೇಷಾಂಕ ತರತಕ್ಕದ್ದು. ವಿಷಯವು ‘ಕಡಲು’ ಎಂದಿದ್ದಾಗ ಯಾರಾದರೂ ಬೆಟ್ಟದ ಬಗ್ಗೆ ಬರೆದು ಕಳಿಸಿದಲ್ಲಿ, ಸದರಿ ಬೆಟ್ಟವನ್ನು ಬರೆದವರ ಖರ್ಚಿನಲ್ಲೇ ಹಿಂದಕ್ಕೆ ಕಳಿಸಲಾಗುವುದು.

ಇದರಿಂದ ಎಲ್ಲರಿಗೂ ಅನುಕೂಲವೇ ಆಯಿತು. ಏನು ಬರೆಯಬೇಕು ಎಂದು ಕಿಟಕಿಯಾಚೆ ನೋಡುತ್ತ ಕೂರುವ ಕಷ್ಟ ಲೇಖಕರಿಗೆ ತಪ್ಪಿತು. ಏನು ಬರೆದಿದ್ದಾರೆ ಎಂದು ಓದಿ ನೋಡುವ ಕಷ್ಟ ಸಂಪಾದಕರಿಗೆ ತಪ್ಪಿತು. ತೊಂದರೆಯಾದದ್ದು ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸದಲ್ಲಿದ್ದ ಒಬ್ಬ ಕವಯಿತ್ರಿಗೆ.

ಅವಳಿಗೆ ಪ್ರಕಟಣೆಗಳು ಕಣ್ಣಿಗೆ ಬೀಳುತ್ತಿದ್ದುದೇ ಕ್ಲಿನಿಕ್ಕಿನ ಬೆಂಚಿನ ಮೇಲಿನ ಪತ್ರಿಕೆಗಳಲ್ಲಿ. ಕೆನ್ನೆ ಊದಿಸಿಕೊಂಡವರು ತಿರುವಿ ತಿರುವಿ ಅವುಗಳ ಮೂಲೆಗಳು ಕಿವಿಯಂತೆ ಮಡಚಿಕೊಂಡಿರುತ್ತಿದ್ದವು. ಎಲ್ಲವೂ ಹಳೆಯವು. ಅವಳು ರೋಗಿಗಳಿಗೆ ಟೋಕನ್ ಕೊಡುತ್ತ, ನಡುನಡುವೆ ಪದ್ಯ ಬರೆದು ಅಂಚೆಗೆ ಹಾಕುವಳು. ‘ಗೆದ್ದಲು’ ವಿಶೇಷಾಂಕಕ್ಕೆಂದು ಕಳಿಸಿದ ಪದ್ಯಕ್ಕೆ ಉತ್ತರವೂ ಬಂದಿತ್ತು: “ನಿಮ್ಮ ಗೆದ್ದಲು ಚೆನ್ನಾಗಿದೆ. ಆದರೆ ನಮ್ಮ ಗೆದ್ದಲು ಹೋದ ವರ್ಷವೇ ಮುಗಿದಿದೆ.” ಅವಳು ಗೆದ್ದಲು ಬರೆಯುವಾಗ ಮಂಡಳಿ ‘ಸೇತುವೆ’ಗೆ ಬಂದಿರುತ್ತಿತ್ತು, ಅವಳು ಸೇತುವೆ ಮುಟ್ಟುವಷ್ಟರಲ್ಲಿ ಮಂಡಳಿ ದಾಟಿ ಹೋಗಿರುತ್ತಿತ್ತು.

ಕಡೆಗೆ ಡಾಕ್ಟರಿಗೇ ಪಾಪ ಅನ್ನಿಸಿತು. “ನಿನ್ನ ಮುಖ ನೋಡಿದ್ರೆ ಬಂದವರಿಗೆ ಇಲ್ದಿರೋ ಹಲ್ಲೂ ನೋಯುತ್ತಮ್ಮ,” ಎಂದು ಅವರು ಹೊಸ ಪತ್ರಿಕೆಯೊಂದನ್ನು ತರಿಸತೊಡಗಿದರು. ಹೀಗೆ ಮೊದಲ ಬಾರಿಗೆ ಗಡುವು ಮುಗಿದಿರದ ಪ್ರಕಟಣೆಯೊಂದು ಅವಳ ಕೈಗೆ ಬಿತ್ತು. ವಿಷಯ: ಕಡಲು.

ಅವಳು ಕಡಲನ್ನು ನೋಡಿದವಳಲ್ಲ. ಭಾನುವಾರ ಊಟವಾದ ಮೇಲೆ ಪೆನ್ನು ಹಿಡಿದು ಮೇಜಿನ ಮುಂದೆ ಕೂತಳು. ನೀಲಿ ಎಂದು ಬರೆದು ಹೊಡೆದುಹಾಕಿದಳು. ಅಲೆ ಎಂದು ಬರೆದು ಹೊಡೆದುಹಾಕಿದಳು. ಪಕ್ಕದಲ್ಲಿ ಗಂಡ ಮಂಚದ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಮದುವೆಯಾದಾಗಿನಿಂದ ಕೇಳಿಕೊಂಡು ಬಂದ ಸದ್ದು. ಹಿತ್ತಲ ಗಿಡ ಮದ್ದಲ್ಲ. ಅವತ್ತು ಮಾತ್ರ ಅವಳು ತಲೆಯೆತ್ತಿ ಕೇಳಿದಳು. ಎಲ್ಲೋ ದೂರದಿಂದ ಎದ್ದು, ಉಬ್ಬಿ, ಮೇಲೇರಿ, ದಡಕ್ಕೆ ಅಪ್ಪಳಿಸಿ, ಕಲ್ಲುಹರಳುಗಳನ್ನು ಗರಗರ ಎಳೆದುಕೊಂಡು ಹಿಂದೆ ಸರಿಯುತ್ತಿತ್ತು. ಅವಳು ಒಂದೇ ಉಸಿರಿನಲ್ಲಿ ಬರೆದು ಮುಗಿಸಿದಳು.

ಪದ್ಯ ಸ್ವೀಕೃತವಾಯಿತು. “ಕಡಲ ತೀರದಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಸಾಧ್ಯವಾಗುವ ಸಾಲುಗಳು” ಎಂದು ಸಂಪಾದಕರು ಟಿಪ್ಪಣಿ ಬರೆದಿದ್ದರು.

“ರೀ, ನಿಮ್ಮ ಮೇಲೆ ಒಂದು ಪದ್ಯ ಬರೆದೆ,” ಎಂದಳು ಗಂಡನಿಗೆ.

“ನಾನೇನೇ ಮಾಡಿದೆ?”

“ಮಲಗಿದ್ರಿ.”

ಗಂಡನ ಮುಖ ಸಣ್ಣದಾಯಿತು. “ಆಫೀಸಲ್ಲಿ ಅಂತ ಬರೆದಿಲ್ಲ ತಾನೆ?”

ಅವನು ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್. ಮಾರುಕಟ್ಟೆಯ ತಕ್ಕಡಿಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವುದು ಅವನ ಕೆಲಸ. ಊಟದ ನಂತರವೂ ಕಣ್ಣು ತೆರೆದಿರುವ ಏಕೈಕ ನೌಕರನೆಂದು ಇಲಾಖೆಯಲ್ಲಿ ಅವನ ಮೇಲೆ ಎಲ್ಲರಿಗೂ ಒಂದು ಬಗೆಯ ಬೇಸರವಿತ್ತು.

ಆಮೇಲೆ ಕವಯಿತ್ರಿ ಹಿಂದಿರುಗಿ ನೋಡಲಿಲ್ಲ. ವಿಷಯ ‘ಯಂತ್ರ’ ಎಂದಾಗ ಗೊರಕೆಯಲ್ಲಿ ಮರ ಕೊಯ್ಯುವ ಗರಗಸ ಕೇಳಿಸಿತು. ‘ಗಡಿ’ ಎಂದಾಗ,

ನಡುವೆ ದಿಂಬಿಟ್ಟು ಬೇಲಿ ಹಾಕಿದೆ;
ನಿನ್ನ ಗೊರಕೆಗೆ ರಹದಾರಿ ಬೇಕಿಲ್ಲ

ಎಂದು ಬರೆದಳು. ‘ಆಡಳಿತ’ ವಿಶೇಷಾಂಕದಲ್ಲಿ, “ಎಬ್ಬಿಸಿದರೆ ಹೇಳುತ್ತಾನೆ: ನಾನು ಮಲಗಿಯೇ ಇರಲಿಲ್ಲ” ಎಂಬ ಸಾಲನ್ನು ಅಧಿಕಾರಿಗಳು ತಮ್ಮ ಬಗ್ಗೆ ಅಲ್ಲವೆಂದು ತಿಳಿದು ಮೆಚ್ಚಿದರು. ಇನ್ನು ‘ಮೌನ’ ಎಂಬ ವಿಷಯ ಬಂದಾಗ ಇವಳ ಕಥೆ ಮುಗಿಯಿತು ಎಂದು ಉಳಿದ ಕವಿಗಳು ಸಿಹಿ ಹಂಚಿಕೊಂಡರು. ಅವಳು ಒಂದು ಗೊರಕೆ ಮುಗಿದು ಇನ್ನೊಂದು ಶುರುವಾಗುವ ನಡುವಿನ ಬಿಡುವಿನ ಮೇಲೆ ಬರೆದಳು. ಆ ಬಿಡುವಿನಲ್ಲಿ ಹೆಂಡತಿಯೊಬ್ಬಳು ಕೈಯಲ್ಲಿ ಹಿಡಿದ ಲೋಟವನ್ನು ಹಾಗೇ ಹಿಡಿದುಕೊಂಡು ಕಾಯುತ್ತಾಳೆ. ಅದಕ್ಕೆ ಮೊದಲ ಬಹುಮಾನ ಬಂತು. ತೀರ್ಪುಗಾರರಲ್ಲಿ ಒಬ್ಬರು ಓದುತ್ತಿದ್ದಂತೆ ಎದ್ದುಹೋಗಿ ಮನೆಗೆ ಫೋನ್ ಮಾಡಿದರಂತೆ.

ಹೆಮ್ಮೆಪಡದೆ ಇದ್ದವರು ಅತ್ತೆ ಒಬ್ಬರೇ. “ಇವನಪ್ಪಂದು ನೀನು ಕೇಳ್ಬೇಕಿತ್ತು,” ಎಂದರು. “ಅದು ಮಹಾಕಾವ್ಯ ಕಣಮ್ಮ. ಇದೆಲ್ಲ ಹನಿಗವನ.”

ಕೀರ್ತಿ ಬಂದ ಬೀದಿಯಲ್ಲೇ ತಕರಾರೂ ಬರುತ್ತದೆ. ಇಲ್ಲಿ ಅದು ಎದುರುಮನೆಯಿಂದಲೇ ಬಂತು. ಎದುರುಮನೆಯಲ್ಲಿದ್ದ ಕಾದಂಬರಿಕಾರರು ಮಂಡಳಿಗೆ ಅರ್ಜಿ ಕೊಟ್ಟರು. ಸದರಿ ಗೊರಕೆಯು ರಸ್ತೆ ದಾಟಿ ತಮ್ಮ ಜಗುಲಿಯವರೆಗೂ ಬರುತ್ತಿರುವುದರಿಂದ ಅದು ಸಾರ್ವಜನಿಕ ಸ್ವತ್ತು. ಅದನ್ನು ಒಬ್ಬರೇ ಪದ್ಯದಲ್ಲಿ ಬಳಸಿಕೊಳ್ಳುತ್ತಿರುವುದು ಗದ್ಯಕ್ಕೆ ಆಗುತ್ತಿರುವ ಅನ್ಯಾಯ. ಜಗುಲಿಗೆ ಬಂದ ಗೊರಕೆಯನ್ನು ತಾವು ಇಷ್ಟು ದಿನ ಸುಮ್ಮನೆ ಕೇಳಿ ಹಾಳುಮಾಡಿದ್ದೇವೆ ಎಂಬುದು ಅರ್ಜಿಯ ಸಾರ.

ಮಂಡಳಿಯ ವಿಷಯಾಧಿಕಾರಿಗಳು ಇಬ್ಬರು ಸಹಾಯಕರೊಂದಿಗೆ ಸ್ಥಳ ತನಿಖೆಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಕನ್ನಡಕ ಒರೆಸಿಕೊಂಡು, ನೇರವಾಗಿ ಕೇಳಿದರು: “ಸದರಿ ಗೊರಕೆ ಪಿತ್ರಾರ್ಜಿತವೋ, ಸ್ವಯಾರ್ಜಿತವೋ?”

“ಸ್ವಯಾರ್ಜಿತ ಅನ್ಸುತ್ತೆ ಸಾರ್,” ಎಂದ ಗಂಡ.

“ಸುಳ್ಳು!” ಎಂದರು ಅತ್ತೆ ಒಳಗಿಂದ. “ಪಿತ್ರಾರ್ಜಿತ ಅಂತ ಬರ್ಕೊಳ್ಳಿ. ಅವರು ಬಿಟ್ಟುಹೋಗಿದ್ದು ಅದೊಂದೇ.”

ಅಧಿಕಾರಿ ಪಿತ್ರಾರ್ಜಿತ ಎಂದು ಬರೆಸಿ, ಪ್ರಾತ್ಯಕ್ಷಿಕೆ ನೀಡುವಂತೆ ಸೂಚಿಸಿದರು. ಗಂಡ ಮಲಗಿದ. ಮೂವರು ಗಂಡಸರು ಮಂಚದ ಸುತ್ತ ಕುರ್ಚಿ ಹಾಕಿಕೊಂಡು ಮುಖವನ್ನೇ ನೋಡುತ್ತಿರುವಾಗ ಯಾರಿಗೆ ನಿದ್ದೆ ಬರುತ್ತದೆ? ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ, ಕಣ್ಣು ಬಿಟ್ಟು “ಕ್ಷಮಿಸಿ ಸಾರ್” ಎಂದ.

ಕವಯಿತ್ರಿಗೆ ಒಂದು ಉಪಾಯ ಹೊಳೆಯಿತು. “ಸಾರ್, ನಿಮ್ಮ ನಿಯಮಾವಳಿ ಸ್ವಲ್ಪ ಜೋರಾಗಿ ಓದ್ತೀರಾ?”

ಅಧಿಕಾರಿ ಓದಿದರು. “ಮೇಲ್ಕಂಡ ನಿಯಮದ ಉಪನಿಯಮದಲ್ಲಿ ಏನೇ ಹೇಳಿದ್ದಾಗ್ಯೂ, ಕೆಳಕಂಡ ಉಪನಿಯಮಕ್ಕೆ ಒಳಪಟ್ಟು...” ಎನ್ನುವಷ್ಟರಲ್ಲಿ ಒಬ್ಬ ಸಹಾಯಕನ ತಲೆ ಎದೆಗೆ ಬಿತ್ತು. ವಾಕ್ಯ ಇನ್ನೂ ಕ್ರಿಯಾಪದ ಮುಟ್ಟಿರಲಿಲ್ಲ, ಮಂಚದ ಮೇಲೆ ಕಡಲು ಎದ್ದಿತು. ಅಧಿಕಾರಿ ಓದುವುದನ್ನು ನಿಲ್ಲಿಸಿ ಕೇಳಿದರು. ಅವರ ಕಣ್ಣು ಒದ್ದೆಯಾಯಿತು. ತಮ್ಮ ಯೌವನದಲ್ಲಿ ತಾವೂ ಬರೆಯುತ್ತಿದ್ದುದು ಅವರಿಗೆ ನೆನಪಾಯಿತೆಂದು ಆಮೇಲೆ ತಿಳಿಯಿತು.

ತನಿಖಾ ವರದಿ ಹೀಗಿತ್ತು: “ಸದರಿ ಗೊರಕೆಯು ಎಲ್ಲ ವಿಷಯಗಳಿಗೂ ಅನ್ವಯಿಸುವ ಗುಣವುಳ್ಳದ್ದಾಗಿದ್ದು, ಅದನ್ನು ಸಾಹಿತ್ಯದ ಮೂಲದ್ರವ್ಯವೆಂದು ಘೋಷಿಸಲಾಗಿದೆ. ನೋಂದಾಯಿತ ಲೇಖಕರೆಲ್ಲರೂ ಭಾನುವಾರ ಮಧ್ಯಾಹ್ನ ಅದನ್ನು ಕೇಳಿಸಿಕೊಳ್ಳಲು ಅರ್ಹರು. ಮನೆಯವರು ಕುಡಿಯುವ ನೀರು ಒದಗಿಸತಕ್ಕದ್ದು.”

ಲೇಖಕರು ಬರತೊಡಗಿದರು. ಕವಿಗಳು ಮಂಚದ ತಲೆಯ ಕಡೆ, ಗದ್ಯದವರು ಕಾಲಿನ ಕಡೆ. ಕಾದಂಬರಿಕಾರರು ಮನೆಯಿಂದಲೇ ಈಸಿಚೇರು ಹೊರಿಸಿಕೊಂಡು ಬಂದರು. ಅತ್ತೆ ಲೋಟ ತೊಳೆದು ತೊಳೆದು ಸುಸ್ತಾದರೂ, ಬಂದವರಿಗೆಲ್ಲ ಮಾವನವರ ಗೊರಕೆಯನ್ನು ಬಾಯಲ್ಲೇ ಮಾಡಿ ತೋರಿಸುವುದನ್ನು ಬಿಡಲಿಲ್ಲ.

ಗಂಡನಿಗೆ ಮಾತ್ರ ಮಾರುಕಟ್ಟೆಯಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು. ತರಕಾರಿಯವನೊಬ್ಬ, “ಸಾರ್, ನಿಮ್ಮ ಮೌನ ಓದಿ ಅತ್ತುಬಿಟ್ಟೆ ಸಾರ್. ಈ ತಕ್ಕಡಿ ಒಂಚೂರು ಹಾಗೇ ಬಿಟ್ಬಿಡಿ,” ಎಂದ. ಗಂಡ ತಕ್ಕಡಿಯನ್ನು ಜಪ್ತಿ ಮಾಡಿದ. ಆದರೆ ಮನೆಗೆ ಬಂದು ಹೆಂಡತಿಯ ಎದುರು ಕೂತ.

“ನಿಮ್ಮ ಡಾಕ್ಟ್ರ ಹತ್ರ ಗೊರಕೆ ನಿಲ್ಸೋದಕ್ಕೆ ಬಾಯಿಗೆ ಹಾಕ್ಕೊಳ್ಳೋ ಕ್ಲಿಪ್ ಒಂದು ಇದ್ಯಂತಲ್ಲ?” ಎಂದ.

ಮುಂದಿನ ವಿಷಯ ‘ಗಾಳಿ’ ಎಂದು ಅದೇ ಬೆಳಿಗ್ಗೆ ಪ್ರಕಟವಾಗಿತ್ತು. ಗಾಳಿ! ಅವಳಿಗೆಂದೇ ಹೇಳಿ ಮಾಡಿಸಿದಂಥ ವಿಷಯ. ಆದರೆ ಗಂಡನ ಮುಖ ನೋಡಿದಳು. ಇಷ್ಟು ವರ್ಷದಲ್ಲಿ ತನಗೆಂದು ಏನನ್ನೂ ಕೇಳಿದವನಲ್ಲ.

“ನಾಳೆ ಬನ್ನಿ. ಮೊದಲ ಟೋಕನ್ ನಿಮ್ದೇ,” ಎಂದಳು. ಚೀಟಿಯನ್ನು ತನ್ನ ಕೈಯಾರೆ ಬರೆದಳು.

ಡಾಕ್ಟರು ದವಡೆಯ ಅಚ್ಚು ತೆಗೆದು ಕ್ಲಿಪ್ ಮಾಡಿಕೊಟ್ಟರು. ಮುಂದಿನ ಭಾನುವಾರ ಗಂಡ ಅದನ್ನು ಹಾಕಿಕೊಂಡು ಮಲಗಿದ. ಮನೆಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಆ ಫ್ಯಾನಿಗೆ ಸದ್ದಿದೆ ಎಂಬುದೇ ಯಾರಿಗೂ ಗೊತ್ತಿರಲಿಲ್ಲ. ಲೇಖಕರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಯುವಕವಿ, “ನಂದು ಅರ್ಧ ಚರಣದಲ್ಲಿ ನಿಂತಿದೆ, ಇದು ಅನ್ಯಾಯ,” ಎಂದು ಎದ್ದು ನಿಂತ. ಕವಯಿತ್ರಿ ಮೆಲ್ಲಗೆ ಗಂಡನ ಮೂಗಿನ ಬಳಿ ಬೆರಳು ಹಿಡಿದು ನೋಡಿದಳು. ಗಾಳಿ ಇತ್ತು. ಆದರೆ ಅದರ ಮೇಲೆ ಬರೆಯುವಂಥದ್ದೇನೂ ಇರಲಿಲ್ಲ.

ಗಡುವು ದಾಟುವ ಮೊದಲೇ ಮಂಡಳಿಯಿಂದ ಡಾಕ್ಟರಿಗೆ ನೋಟೀಸು ಬಂತು. “ತಾವು ನಾಡಿನ ಮೂಲದ್ರವ್ಯವೊಂದರ ಬಾಯಿಗೆ ಅನಧಿಕೃತವಾಗಿ ಅಡ್ಡಿ ಅಳವಡಿಸಿರುವುದು ಕಂಡುಬಂದಿರುತ್ತದೆ. ಪರಿಣಾಮವಾಗಿ ಗಾಳಿ ವಿಶೇಷಾಂಕಕ್ಕೆ ಗಾಳಿಯೇ ಬಂದಿರುವುದಿಲ್ಲ.” ಅಧಿಕಾರಿಗಳು ಕ್ಲಿಪ್ಪನ್ನು ಜಪ್ತಿ ಮಾಡಿ ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದರು.

“ಬಂದವರ ಹಲ್ಲು ನೋಡ್ತೀನಿ ನಾನು,” ಎಂದರು ಡಾಕ್ಟರು ಗೋಡೆಗೆ ಹೇಳುವವರಂತೆ. “ಹೆಂಡ್ತಿ ಕವಿಯೋ ಅಲ್ವೋ ಅಂತ ಹಲ್ಲಲ್ಲಿ ಗೊತ್ತಾಗುತ್ತಾ?” ಮರುದಿನದಿಂದ ಅವರ ಚೀಟಿಯಲ್ಲಿ ಅದಕ್ಕೂ ಒಂದು ಕಾಲಂ ಸೇರಿತು.

ಮೂಲದ್ರವ್ಯವನ್ನು ಖಾಸಗಿ ಮನೆಯಲ್ಲಿ ಬಿಡುವುದು ಸುರಕ್ಷಿತವಲ್ಲ ಎಂಬುದು ಇದರಿಂದ ಮಂಡಳಿಗೆ ಮನವರಿಕೆಯಾಯಿತು. ಗಂಡನನ್ನು ತೂಕ ಮತ್ತು ಅಳತೆ ಇಲಾಖೆಯಿಂದ ಮಂಡಳಿಗೆ ನಿಯೋಜನೆಯ ಮೇಲೆ ವರ್ಗ ಮಾಡಿ ಆದೇಶ ಹೊರಟಿತು. ಕರ್ತವ್ಯ: ಕಚೇರಿ ವೇಳೆಯಲ್ಲಿ ಮಲಗುವುದು.

“ಸಾರ್, ಕಚೇರಿ ವೇಳೆಯಲ್ಲಿ ನಾನು ಯಾವತ್ತೂ ಕಣ್ಣು ಮುಚ್ಚಿದವನಲ್ಲ,” ಎಂದು ಗಂಡ ಕೈಮುಗಿದ.

“ಗೊತ್ತು,” ಎಂದರು ವಿಷಯಾಧಿಕಾರಿಗಳು. “ಅದಕ್ಕೇ ನಿಮ್ಮನ್ನ ಆರಿಸಿದ್ದು. ಪ್ರಾಮಾಣಿಕವಾಗಿ ಮಲಗ್ತೀರಿ ಅಂತ ನಂಬಿಕೆ ಇದೆ.”

ಆದೇಶವನ್ನು ಮೀರಿದವನಲ್ಲ ಅವನು, ಒಪ್ಪಿಕೊಂಡ. ಒಪ್ಪದೆ ಹೋದವರು ಅವನ ಸಹೋದ್ಯೋಗಿಗಳು. ಇಡೀ ಇಲಾಖೆ ಒಂದಾಗಿ ಮನವಿ ಸಲ್ಲಿಸಿತು. ತಾವು ಸೇವೆಗೆ ಸೇರಿದಂದಿನಿಂದ ಕಚೇರಿಯಲ್ಲಿ ಮಲಗುತ್ತ ಬಂದಿರುವುದಾಗಿಯೂ, ಒಂದು ದಿನವೂ ಮಲಗದವನಿಗೆ ಈ ಹುದ್ದೆ ಕೊಟ್ಟಿರುವುದು ಜ್ಯೇಷ್ಠತೆಯ ಉಲ್ಲಂಘನೆಯೆಂದೂ ಅದರಲ್ಲಿ ವಾದಿಸಲಾಗಿತ್ತು. ಮಂಡಳಿ ಅವರೆಲ್ಲರನ್ನೂ ಪರೀಕ್ಷಿಸಿ, “ನಿದ್ರೆಯಲ್ಲಿ ಪರಿಣತಿ ಇದೆ, ಧ್ವನಿಯಲ್ಲಿ ಸ್ವಂತಿಕೆ ಇಲ್ಲ” ಎಂದು ಷರಾ ಬರೆದು, ಕಾಯ್ದಿಟ್ಟ ಪಟ್ಟಿಯಲ್ಲಿರಿಸಿತು. ಅವರು ತೃಪ್ತರಾಗಿ ಹೋಗಿ ಅಭ್ಯಾಸ ಮುಂದುವರಿಸಿದರು.

ಮಂಡಳಿಯ ಸಭಾಂಗಣದ ನಡುವೆ ಮಂಚ ಬಂತು. ಅದರ ಕಾಲಿನ ಮೇಲೆ ಮಂಡಳಿಯ ಹೆಸರನ್ನು ಬಣ್ಣದಲ್ಲಿ ಬರೆಯಲಾಯಿತು. ಗೋಡೆಯ ಮೇಲೆ ಪ್ರಕಟಣೆ ಹಾಕಲಾಯಿತು: “ಮೂಲದ್ರವ್ಯವನ್ನು ಮುಟ್ಟಬಾರದು. ಹೊರಳಿಸಬಾರದು. ಕಾದಂಬರಿಕಾರರಿಗೆ ಬೆನ್ನಿಗೆ ದಿಂಬು ಕೊಡಲಾಗುವುದು. ಹನಿಗವನದವರು ನಿಂತೇ ಕೇಳಿ ಹೊರಡತಕ್ಕದ್ದು.” ಆ ವರ್ಷ ‘ರೈಲು’, ‘ಹಸಿವು’, ‘ಅಜ್ಜಿ’, ‘ವಿಜ್ಞಾನ’ ಮುಂತಾದ ವಿಶೇಷಾಂಕಗಳು ಹೊರಬಂದವು. ಎಲ್ಲದರಲ್ಲೂ ಒಂದೇ ಬಗೆಯ ಲಯವಿದೆಯೆಂದು ವಿಮರ್ಶಕರು ಗುರುತಿಸಿ, ಅದನ್ನು ಒಂದು ಪಂಥವೆಂದು ಕರೆದರು.

ಇತ್ತ ಮನೆಯಲ್ಲಿ ಗಂಡ ಮಲಗುವುದನ್ನು ಬಿಟ್ಟ.

“ರೀ, ಭಾನುವಾರ. ಸ್ವಲ್ಪ ಅಡ್ಡಾಗಿ,” ಎಂದಳು ಹೆಂಡತಿ.

“ಛೆ, ಆಫೀಸಿನ ಕೆಲಸ ಮನೆಗೆ ತರಬಾರ್ದು ಕಣೆ,” ಎಂದ ಅವನು. ಫ್ಯಾನು ಒರೆಸಿದ. ಕಿಟಕಿಯ ಚಿಲಕಗಳಿಗೆ ಎಣ್ಣೆ ಬಿಟ್ಟ. ಹಳೆಯ ತಕ್ಕಡಿಯೊಂದನ್ನು ಬಿಚ್ಚಿ ಜೋಡಿಸಿ ಮತ್ತೆ ಬಿಚ್ಚಿದ. ಮನೆಯಲ್ಲಿ ಎಲ್ಲವೂ ಸದ್ದಿಲ್ಲದೆ ನಡೆಯತೊಡಗಿತು. ಅತ್ತೆಗೆ ಮಧ್ಯಾಹ್ನದ ನಿದ್ದೆ ಹೋಯಿತು. ಕವಯಿತ್ರಿಗೆ ನಿದ್ದೆ ಹೋಯಿತು, ಪದ್ಯ ಹೋಯಿತು, ಹಸಿವೂ ಹೋಯಿತು. ಕ್ಲಿನಿಕ್ಕಿನಲ್ಲಿ ಎರಡನೆಯ ಟೋಕನ್‌ನವರನ್ನು ಕರೆದು ಏಳನೆಯವರ ಹಲ್ಲು ಕೀಳಿಸಿದಳು.

“ಹೋಗಿ ಕೇಳ್ಕೊಂಡಾದ್ರೂ ಬಾರಮ್ಮ,” ಎಂದರು ಅತ್ತೆ. “ನನ್ನ ಕಾಲಕ್ಕೆ ಇಂಥ ಆಫೀಸು ಇದ್ದಿದ್ರೆ ನಾನೂ ಹೋಗ್ತಿದ್ದೆ.” ಇಷ್ಟು ಹೇಳಿ ಅವರು ಬೇರೆ ಕಡೆ ತಿರುಗಿಕೊಂಡರು.

ಅವಳು ಅರ್ಧ ದಿನ ರಜೆ ಹಾಕಿ ಮಂಡಳಿಗೆ ಹೋದಳು. ಕೌಂಟರಿನವರು ತಲೆಯೆತ್ತದೆ ಕೇಳಿದರು: “ಯಾವ ವಿಷಯಕ್ಕೆ?”

“ವಿಷಯ ಏನಿಲ್ಲ. ಅವರು ನನ್ನ ಯಜಮಾನ್ರು.”

“ಅದು ಈ ತಿಂಗಳ ವಿಷಯ ಅಲ್ಲಮ್ಮ. ಈ ತಿಂಗಳದು ಮೆಟ್ಟಿಲು.”

“ಮೆಟ್ಟಿಲಿಗೇ ಬರ್ಕೊಳ್ಳಿ.”

“ಪದ್ಯವೋ, ಗದ್ಯವೋ?”

“ಪದ್ಯ.”

“ಪದ್ಯದ ಕಡೆ ಜಾಗ ಭರ್ತಿ. ಗದ್ಯದಲ್ಲಿ ಒಂದು ಕುರ್ಚಿ ಇದೆ, ಹೊಂದ್ಕೊಳ್ತೀರಾ?”

ಆಯಾ ತಿಂಗಳ ವಿಷಯಕ್ಕಾಗಿ ಏನೆಲ್ಲ ಆಗಿದ್ದ ಅವಳು, ಒಂದು ಸಾಲು ಗದ್ಯವನ್ನೂ ಬರೆಯದೆ ಗದ್ಯ ಲೇಖಕಿಯಾಗಿ ಒಳಗೆ ಹೋದಳು.

ಪಕ್ಕದ ಕುರ್ಚಿಯಲ್ಲಿ ಎದುರುಮನೆಯ ಕಾದಂಬರಿಕಾರರೇ ಇದ್ದರು. “ಓ, ನೀವೂ ಗದ್ಯಕ್ಕೆ ಬಂದ್ರಾ? ಕಡೆಗೆ ಎಲ್ಲರೂ ಬರಲೇಬೇಕು,” ಎಂದು ಸಂತೋಷಪಟ್ಟರು. ಗಂಡ ಹೆಗಲಿಗೆ ಟವೆಲು ಹಾಕಿಕೊಂಡು, ಹಾಜರಿ ಹಾಕಿ ಬಂದ. ಲೇಖಕರ ಸಾಲಿನಲ್ಲಿ ಹೆಂಡತಿಯನ್ನು ಕಂಡು ತಬ್ಬಿಬ್ಬಾದ. ಹೆಣ್ಣು ನೋಡಲು ಬಂದ ದಿನ ನಕ್ಕಂತೆ ತುಟಿಯ ಒಂದು ಕೊನೆಯಲ್ಲಿ ನಕ್ಕು, ಮಲಗಿ, ಗೋಡೆಯ ಕಡೆ ಮುಖ ಮಾಡಿದ.

ಗೊರಕೆ ಎದ್ದಿತು. ಸುತ್ತ ಪೆನ್ನುಗಳು ಸರಸರ ಓಡಿದವು. ಅದರಲ್ಲಿ ಅವರಿಗೆಲ್ಲ ಮೆಟ್ಟಿಲು ಕೇಳಿಸುತ್ತಿತ್ತು. ಅವಳಿಗೆ ಕಡಲೂ ಕೇಳಿಸಲಿಲ್ಲ, ಯಂತ್ರವೂ ಕೇಳಿಸಲಿಲ್ಲ. ಗಂಡ ಮಲಗಿದ್ದಾನೆ, ಚೆನ್ನಾಗಿದ್ದಾನೆ ಎಂಬುದಷ್ಟೇ ಕೇಳಿಸಿತು. ಕಣ್ಣು ತಾನಾಗಿ ಮುಚ್ಚಿ, ತಲೆ ಕಾದಂಬರಿಕಾರರ ಬೆನ್ನಿನ ದಿಂಬಿಗೆ ವಾಲಿತು.

ಸ್ವಲ್ಪ ಹೊತ್ತಿಗೆ ಸಭಾಂಗಣದಲ್ಲಿ ಇನ್ನೊಂದು ಸದ್ದು ಕೇಳಿಸತೊಡಗಿತು. ಮೊದಲಿನದಕ್ಕಿಂತ ಸಣ್ಣದು, ಆದರೆ ಚೂಪು. ಕೆಟಲಿನ ಬಾಯಿಂದ ಹಬೆ ಬಂದಂತೆ, ಕೊನೆಯಲ್ಲಿ ಒಂದು ತಿರುವು. ಪೆನ್ನುಗಳು ನಿಂತವು. ಕುರ್ಚಿಗಳು ಒಂದೊಂದಾಗಿ ಮಂಚದ ಕಡೆಯಿಂದ ಗದ್ಯದ ಕಡೆಗೆ ತಿರುಗಿದವು. ಹನಿಗವನದವರು ಮೊದಲ ಬಾರಿಗೆ ನೆಲದ ಮೇಲೆ ಕೂತರು.

ಗಂಡ ಕರ್ತವ್ಯದ ವೇಳೆಯಲ್ಲಿ ಎಚ್ಚರಗೊಂಡ. ಅದು ಶಿಸ್ತುಕ್ರಮಕ್ಕೆ ದಾರಿಯಾಗುವ ತಪ್ಪು. ಹಾಗಿದ್ದೂ ಎದ್ದು ಕೂತು, ಹೆಂಡತಿಯ ಬಾಯಿ ಅರ್ಧ ತೆರೆದ ಮುಖವನ್ನು ನೋಡುತ್ತ, ಇಷ್ಟು ವರ್ಷ ತನ್ನ ಗದ್ದಲದಲ್ಲಿ ಈ ಸದ್ದು ತನಗೆ ಕೇಳಿಸಿಯೇ ಇರಲಿಲ್ಲವಲ್ಲ ಎಂದು ಬೆರಗಾದ. ಯುವಕವಿ ಅವಳನ್ನು ಸರಿಯಾಗಿ ಕೂರಿಸಲು ಕೈ ಚಾಚಿದಾಗ, “ಎಬ್ಬಿಸ್ಬೇಡ್ರಪ್ಪ,” ಎಂದ. “ಪಾಪ, ತುಂಬ ದಿನ ಆಯ್ತು.”

ವಿಷಯಾಧಿಕಾರಿಗಳು ತುದಿಗಾಲಲ್ಲಿ ಓಡಿಬಂದು, ಕಣ್ಣು ಮುಚ್ಚಿ ಕೇಳಿ, ಸ್ಥಳದಲ್ಲೇ ಮೌಖಿಕ ಆದೇಶ ನೀಡಿದರು. ಮೆಟ್ಟಿಲನ್ನು ರದ್ದುಪಡಿಸಲಾಯಿತು. ಅದುವರೆಗೆ ಮೆಟ್ಟಿಲು ಹತ್ತಿದ್ದವರೆಲ್ಲ ಇದ್ದಲ್ಲಿಂದಲೇ ಇಳಿಯಬೇಕೆಂದು ತಿಳಿಸಲಾಯಿತು. ಎರಡನೆಯ ಮಂಚವನ್ನು ಖರೀದಿಸಲು ಮಂಜೂರಾತಿ ದೊರೆಯುವವರೆಗೆ ಗಂಡಹೆಂಡಿರಿಬ್ಬರೂ ಮೊದಲ ಮಂಚದಲ್ಲೇ ಹೊಂದಿಕೊಳ್ಳಲು ಸೂಚಿಸಲಾಯಿತು. ಮುಂದಿನ ವಿಶೇಷಾಂಕದ ವಿಷಯ ಸಂಜೆಯೊಳಗೆ ಪ್ರಕಟವಾಯಿತು: “ದಾಂಪತ್ಯ. ಪದ್ಯ, ಗದ್ಯ ಎರಡಕ್ಕೂ ಮುಕ್ತ. ಅವಿವಾಹಿತ ಲೇಖಕರು ಪೋಷಕರ ಒಪ್ಪಿಗೆಯೊಂದಿಗೆ ಬರತಕ್ಕದ್ದು.”

ಎರಡನೆಯ ಮಂಚದ ಮಂಜೂರಾತಿ ಇನ್ನೂ ಬಂದಿಲ್ಲ. ಬೇಗ ಬರಲಿ ಎಂದು ಯಾರೂ ನೆನಪೋಲೆ ಬರೆದಿಲ್ಲ. ಹಲ್ಲಿನ ಡಾಕ್ಟರ ಬಳಿ ಚೀಟಿ ಬರೆಯುವ ಕೆಲಸಕ್ಕೆ ಅತ್ತೆ ಸೇರಿಕೊಂಡಿದ್ದಾರೆ. ಕಾಯುವವರು ಅವರ ಮಾತು ಕೇಳಿ ನೋವು ಮರೆಯುತ್ತಾರಂತೆ. ಕವಯಿತ್ರಿ ಈಗ ಪದ್ಯ ಬರೆಯುವುದಿಲ್ಲ, ಅದಕ್ಕೆ ಬೇಕಾದಷ್ಟು ಜನರಿದ್ದಾರೆ. ಗಂಡಹೆಂಡಿರು ಬೆಳಿಗ್ಗೆ ತಿಂಡಿ ತಿಂದು, ತಲೆ ಬಾಚಿಕೊಂಡು, ಕಂಕುಳಲ್ಲಿ ಒಂದೊಂದು ದಿಂಬು ಇಟ್ಟುಕೊಂಡು ಕೆಲಸಕ್ಕೆ ಹೊರಡುತ್ತಾರೆ. ಮಾರುಕಟ್ಟೆಯ ಜನ ಗಾಡಿಗಳನ್ನು ಪಕ್ಕಕ್ಕೆ ಸರಿಸಿ ದಾರಿ ಬಿಡುತ್ತಾರೆ.

“ಹೊತ್ತಾಯ್ತಲ್ಲ ಸಾರ್, ಅಮ್ಮಾ,” ಎನ್ನುತ್ತಾನೆ ತರಕಾರಿಯವನು ನಿಜವಾದ ಕಳಕಳಿಯಿಂದ. “ಬೇಗ ಹೋಗಿ ಮಲಕ್ಕೊಳ್ಳಿ. ಪಾಪ, ಬರೆಯೋರು ಕಾಯ್ತಿರ್ತಾರೆ.”